ಮೂಲಪುರುಷ ಸಿಕ್ಕ, ಮೂಲಸ್ತ್ರೀ ಎಲ್ಲಿ?

ನದಿಯ ಮೂಲ, ಋಷಿಯ ಮೂಲ, ಹೆಣ್ಣಿನ ಮೂಲ - ಈ ಮೂರನ್ನು ಕೆದಕಬಾರದೆಂದು ಹಿರಿಯರು ಹೇಳುತ್ತಿದ್ದರು. ಈ ಮಾತಿನಲ್ಲಿ ವಿವೇಕವೆಷ್ಟು, ಅಂಜಿಕೆಯೆಷ್ಟು ಎಂದು ತೂಗಿ ನೋಡಿದವರು ಕಡಮೆ. ಕೆದಕಬೇಡವೆಂದುದನ್ನೇ ಕೆದಕುವುದು ಮನುಷ್ಯನ ಸ್ವಭಾವ. ಸಂಸಾರದ ಭಾರ ತುಸು ಇಳಿದು, ಮಕ್ಕಳು ಒಂದು ದಡ ಸೇರಿ, ತಲೆ ನರೆಯತೊಡಗಿದಾಗ 'ನಾವು ಯಾರ ಪೈಕಿ? ಈ ನೆಲಕ್ಕೆ ನಮ್ಮವರಲ್ಲಿ ಮೊದಲು ಬಂದವರು ಯಾರು?' ಎಂಬ ಪ್ರಶ್ನೆ ಒಂದು ಸಂಜೆ ತಾನಾಗಿ ಎದ್ದು ನಿಲ್ಲುತ್ತದೆ. ಬಡವನಿಗೂ ಬಲ್ಲಿದನಿಗೂ ಅದು ಒಂದೇ ಪ್ರಶ್ನೆ.

ಬೆಂಗಳೂರಿನ ಪೂರ್ವದಂಚಿನಲ್ಲಿರುವ ವೈಟ್‌ಫೀಲ್ಡ್ ಈ ಪ್ರಶ್ನೆಗೆ ಹೇಳಿ ಮಾಡಿಸಿದಂತಹ ಊರು. ಇಂದು ಅಲ್ಲಿ ಗಾಜಿನ ಮಹಡಿಗಳು, ಗಣಕಯಂತ್ರದ ಕಂಪೆನಿಗಳು, ಹೊತ್ತುಗೊತ್ತಿಲ್ಲದ ವಾಹನಸಂದಣಿ. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕೂಡ ಅಲ್ಲಿಗೆ ಬಂದಿತು. ದಿನವೂ ಆ ಹೆಸರನ್ನು ಉಚ್ಚರಿಸುವ ಸಾವಿರಾರು ಮಂದಿಯಲ್ಲಿ ಅದು ಬಿಳಿಯ ಹೊಲವಲ್ಲ, ವೈಟ್ ಎಂಬ ಮನುಷ್ಯನ ಹೆಸರು ಎಂದು ಬಲ್ಲವರು ಎಷ್ಟು ಮಂದಿಯೋ!

ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬಾತ ಮದರಾಸಿನ ವಿದ್ಯಾ ಇಲಾಖೆಯಲ್ಲಿದ್ದವನು. ಯುರೇಷಿಯನ್ನರು ಎಂದು ಆಗ ಕರೆಯುತ್ತಿದ್ದ ಮಿಶ್ರ ಸಂತತಿಯ ಜನಕ್ಕಾಗಿ ಅವನು ಒಂದು ಸಂಘವನ್ನು ಕಟ್ಟಿದನು. ರೈಲು, ತಂತಿ, ಸುಂಕದ ಕಚೇರಿಗಳ ಸಣ್ಣ ಪುಟ್ಟ ನೌಕರಿಗಳನ್ನೇ ಆ ಜನ ನೆಚ್ಚಿಕೊಂಡಿತ್ತು. ಇಂಗ್ಲಿಷ್ ಕಲಿತ ಇತರ ಭಾರತೀಯರು ಅದೇ ನೌಕರಿಗಳಿಗೆ ಬರತೊಡಗಿದಾಗ ಅವರಿಗೆ ದಿಗಿಲಾಯಿತು. ನೆಲವನ್ನು ಉತ್ತು ಸ್ವಂತ ಕಾಲಿನ ಮೇಲೆ ನಿಲ್ಲುವುದೊಂದೇ ದಾರಿಯೆಂದು ವೈಟ್ ಸಾರಿದನು. 1882ರಲ್ಲಿ, ದಿವಾನ್ ರಂಗಾಚಾರ್ಲು ಅವರ ಆಡಳಿತ ಕಾಲದಲ್ಲಿ, ಮೈಸೂರಿನ ಚಾಮರಾಜೇಂದ್ರ ಒಡೆಯರು ಈ ಜನರ ಬೇಸಾಯದ ನೆಲಸುನಾಡಿಗಾಗಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ನಡುವೆ ಬಯಲು, ಸುತ್ತಲೂ ವರ್ತುಲಾಕಾರದ ಬೀದಿಗಳು, ಬೀದಿಯುದ್ದಕ್ಕೂ ತೋಟದ ಮನೆಗಳು - ಹೀಗೆ ಊರು ಮೂಡಿತು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳಲ್ಲಿ ಆ ನಕ್ಷೆ ಇಂದಿಗೂ ಉಳಿದಿದೆ.

ಹೀಗೆ ಬಂದು ನೆಲಸಿದವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು 1947ರ ಬಳಿಕ ಇಂಗ್ಲೆಂಡು, ಕೆನಡ, ಆಸ್ಟ್ರೇಲಿಯಗಳಿಗೆ ತೆರಳಿದರು. ಈ ದೇಶದ ಆಂಗ್ಲೋ ಇಂಡಿಯನ್ ಮನೆತನಗಳೆಲ್ಲದರ ಕಥೆಯೂ ಹೆಚ್ಚುಕಡಮೆ ಇದೇ. ಈಗ ಅವರ ಸಂತತಿಯವರು ತಮ್ಮ ಬೇರನ್ನು ಅರಸತೊಡಗಿದ್ದಾರೆ. 1998ರಿಂದ ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಒಂದು ಸಂಘವೂ ಇದೆ.

ಈ ಅರಸಾಟಕ್ಕೆ ಒಂದು ಕ್ರಮವಿದೆ. ತಿಳಿದುದರಿಂದ ತಿಳಿಯದುದರ ಕಡೆಗೆ, ಇಂದಿನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲಾಗಿ ಹೋಗಬೇಕು. ಮೊದಲು ಮನೆಯಲ್ಲಿರುವ ಬೈಬಲ್ಲಿನ ಒಳರಟ್ಟು, ಹಳೆಯ ಪತ್ರಗಳು, ಭಾವಚಿತ್ರಗಳ ಬೆನ್ನು. ಅನಂತರ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ಪುಸ್ತಕಗಳು. ಆಮೇಲೆ ಗೋರಿಗಳ ಮೇಲಿನ ಬರಹ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಿಂದಲೂ ಪಾದ್ರಿಗಳು ಬರೆದಿಟ್ಟ ದಾಖಲೆಗಳ ಪ್ರತಿಗಳನ್ನು ಲಂಡನ್ನಿಗೆ ಕಳುಹಿಸುವ ಕಟ್ಟಳೆಯಿತ್ತು. ಮದರಾಸಿನವು 1698ರಿಂದ, ಮುಂಬಯಿಯವು 1709ರಿಂದ, ಬಂಗಾಳದವು 1713ರಿಂದ ಇಂದು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆದುದರಿಂದ ತಾತನ ತಾತ ಯಾವ ದಂಡಿನಲ್ಲಿ ಸಿಪಾಯಿಯಾಗಿದ್ದ, ಯಾವ ಊರಲ್ಲಿ ಮದುವೆಯಾದ, ಯಾವ ಜ್ವರದಿಂದ ಸತ್ತ ಎಂಬುದನ್ನು ತಾಳ್ಮೆಯುಳ್ಳವರು ಬಹುಮಟ್ಟಿಗೆ ಪತ್ತೆ ಹಚ್ಚಬಲ್ಲರು. ಮೂಲಪುರುಷ ಸಿಕ್ಕಿಯೇ ಸಿಗುತ್ತಾನೆ. ಸಿಕ್ಕಿದಾಗ ಆಗುವ ಸಂತೋಷವೂ ಸಣ್ಣದಲ್ಲ.

ಆದರೆ ಅಲ್ಲಿಗೆ ಬಂದಾಗ ಒಂದು ಗೋಡೆ ಎದುರಾಗುತ್ತದೆ. ತಂದೆಯ ಹೆಸರು, ಅವನ ಪದವಿ, ಅವನ ಪಟಾಲಮ್ಮು ಎಲ್ಲವೂ ಮುದ್ದಾದ ಅಕ್ಷರದಲ್ಲಿವೆ. ತಾಯಿಯ ಸ್ಥಳದಲ್ಲಿಯೋ? ಹಳೆಯ ದಾಖಲೆಗಳಲ್ಲಿ ಎಷ್ಟೋ ಕಡೆ 'ದೇಶೀಯ ಹೆಂಗಸು' ಎಂಬ ಎರಡು ಮಾತು. ಅಷ್ಟೂ ಇಲ್ಲದ ಕಡೆ ಖಾಲಿ. ಮುಂದಿನ ಕಾಲದಲ್ಲಿ ಹೆಸರು ಬರೆದಾಗಲೂ ಮೇರಿ, ಮಾರಿಯ, ಅನ್ನ ಎಂಬ ದೀಕ್ಷಾನಾಮವೊಂದೇ. ಆ ಮೇರಿ ಮೊದಲು ಯಾರ ಮನೆಯ ಮಗಳು, ಯಾವ ಊರಿನವಳು, ಆಕೆಯ ತಾಯಿ ಯಾವ ಹೆಸರಿನಿಂದ ಅವಳನ್ನು ಕರೆಯುತ್ತಿದ್ದಳು? ಪುಸ್ತಕಕ್ಕೆ ಅದು ಬೇಕಾಗಿರಲಿಲ್ಲ. ಮದುವೆಯ ದಾಖಲೆಗಳಲ್ಲಿಯೂ ವಧೂವರರ ತಂದೆಯರ ಹೆಸರಿಗೆ ಸ್ಥಳವಿತ್ತು. ತಾಯಂದಿರ ಹೆಸರಿಗೆ ಇರಲಿಲ್ಲ.

ಇದು ಬರಿಯ ಮರೆವೆಂದು ಹೇಳುವಂತಿಲ್ಲ. 1791ರಲ್ಲಿ ಕಂಪೆನಿಯು ಭಾರತೀಯ ತಾಯಿಯ ಮಕ್ಕಳನ್ನು ತನ್ನ ಉನ್ನತ ಸೇವೆಗಳಿಂದ ಹೊರಗಿಟ್ಟಿತು. 1795ರಲ್ಲಿ ತಂದೆತಾಯಿಗಳಿಬ್ಬರೂ ಯೂರೋಪಿಯನ್ನರಲ್ಲದವರು ದಂಡಿನಲ್ಲಿ ಕೊಳಲೂದುವವರು, ಡೋಲು ಬಾರಿಸುವವರು, ಕುದುರೆಗೆ ಲಾಳ ಕಟ್ಟುವವರು ಇಷ್ಟೇ ಆಗಬಹುದೆಂದು ವಿಧಿಸಿತು. ತಾಯಿಯ ಹೆಸರು ಹೇಳಿದರೆ ಮಗನ ಅನ್ನಕ್ಕೆ ಕಲ್ಲು ಬೀಳುವ ಕಾಲದಲ್ಲಿ ಆ ಹೆಸರನ್ನು ಯಾರು ಹೇಳಿಯಾರು? ಬಾಯಿಯಿಂದ ಬಾಯಿಗೆ ಹೋಗಬೇಕಾದುದು ಬಾಯಲ್ಲೇ ಉಳಿಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಮನೆಯವರಿಗೂ ಮರೆತುಹೋಯಿತು. ಮುಂದೆ ಸ್ವತಂತ್ರ ಭಾರತದ ಸಂವಿಧಾನವು 366ನೆಯ ಅನುಚ್ಛೇದದಲ್ಲಿ ಆಂಗ್ಲೋ ಇಂಡಿಯನ್ ಎಂದರೆ ಯಾರೆಂದು ಹೇಳುವಾಗಲೂ ತಂದೆ ಅಥವಾ ತಂದೆಯ ಕಡೆಯ ಪುರುಷಸಂತತಿಯ ಯೂರೋಪಿಯನ್ ಮೂಲವನ್ನೇ ಗಣಿಸಿತು. ತಾಯಿಯ ಮೂಲದ ಮಾತು ಅಲ್ಲಿಲ್ಲ.

ಹಾಗಿದ್ದರೂ ತಾಯಿಯ ಕಡೆಯವರನ್ನು ಮರೆಯದ ಮಕ್ಕಳೂ ಇದ್ದರು. ಹೈದರಾಬಾದಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಎಂಬಾತನೂ ಆ ನಗರದ ಖೈರುನ್ನಿಸಾ ಎಂಬ ಕುಲೀನ ಕನ್ಯೆಯೂ ವಿವಾಹವಾಗಿದ್ದರು. ಅವರ ಎಳೆಯ ಮಕ್ಕಳಿಬ್ಬರನ್ನು 1805ರಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಸಾಹಿಬ್ ಬೇಗಂ ಎಂಬ ಮಗಳು ಅಲ್ಲಿ ಕ್ಯಾಥರೀನ್ ಆದಳು. ತಾಯಿಯನ್ನು ಅವಳು ಮತ್ತೆ ಕಾಣಲಿಲ್ಲ. ಸುಮಾರು ಮೂವತ್ತೈದು ವರ್ಷಗಳ ಬಳಿಕ, ತಾನೂ ಮಕ್ಕಳ ತಾಯಿಯಾಗಿದ್ದ ಆಕೆ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ಅಜ್ಜಿಗೆ ಕಾಗದ ಬರೆದಳು. ಮೊಮ್ಮಗಳದು ಇಂಗ್ಲಿಷ್, ಅಜ್ಜಿಯದು ಪಾರಸಿ. ಆದರೂ ಕಾಗದಗಳು ಓಡಾಡಿದವು. ಎಲ್ಲರಿಗೂ ಅಂತಹ ಭಾಗ್ಯವಿರಲಿಲ್ಲ.

ಇದೆಲ್ಲ ಪರಂಗಿಯವರ ಮನೆಯ ಸಂಗತಿ, ತಮಗೇನು ಎಂದು ವಾಚಕರು ಕೇಳಬಹುದು. ವೈಟ್‌ಫೀಲ್ಡಿನ ಮಗ್ಗುಲಲ್ಲೇ ಇರುವ ಹಳೆಯ ಹಳ್ಳಿಗಳ ಕಡೆಗೆ ತಿರುಗಿ ನೋಡಿದರೆ ಉತ್ತರ ದೊರೆಯುತ್ತದೆ. ವೈಟ್ ಬರುವುದಕ್ಕೆ ಎಂಟುನೂರು ವರ್ಷಗಳಿಗೂ ಹಿಂದೆಯೇ ಆ ನೆಲದಲ್ಲಿ ಊರುಗಳಿದ್ದವು. ಕಾಡುಗೋಡಿಯಲ್ಲಿ ರಾಜೇಂದ್ರ ಚೋಳನ ಕಾಲದ, 1043ರ ಶಾಸನವೊಂದಿದೆ. ಪೆರ್ಮಾಡಿ ಗಾವುಂಡನ ಮಗನಾದ ರಾಜರಾಜ ವೇಲಾನ್ ಎಂಬ ನಾಯಕನು ಪಟ್ಟಂದೂರಿನ ಕೆರೆಯನ್ನು ತೂಬುಸಹಿತ ಕಟ್ಟಿಸಿ ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ಪ್ರತಿಷ್ಠಿಸಿದನೆಂದು ಅದು ಹೇಳುತ್ತದೆ. ಆ ಕೆರೆ ಇಂದಿಗೂ ಇದೆ. ವೇಲಾನ್ ಅಲ್ಲಿನ ಮೂಲಪುರುಷರಲ್ಲೊಬ್ಬನೆನ್ನಲು ಅಡ್ಡಿಯಿಲ್ಲ. ಇಂಥವನ ಮಗ ಇಂಥವನು - ಕಲ್ಲಿನಲ್ಲಿಯೂ ವಂಶ ನಡೆಯುವುದು ಹೀಗೆಯೇ.

ಕಲ್ಲಿನ ಮಾತು ಹಾಗಿರಲಿ, ಕಾಗದದ ಮಾತನ್ನೇ ನೋಡೋಣ. ಕರ್ನಾಟಕದ ಹಳ್ಳಿಗಳಿಗೆ ಎತ್ತಿನೊಡನೆ ಬರುವ ಹೆಳವರು ಮನೆತನದ ಹಿರಿಯರನ್ನು ತಲೆತಲಾಂತರದಿಂದ ಹೆಸರಿಸಿ ಕೊಂಡಾಡಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ದವಸಧಾನ್ಯ ಪಡೆದು ಹೋಗುತ್ತಿದ್ದರು. ಶಾನುಭೋಗರ ಕಡತಗಳಲ್ಲಿ ಜಮೀನಿನ ಜೊತೆಗೆ ವಂಶವೂ ಇರುತ್ತಿತ್ತು. ಆ ಶಾನುಭೋಗಿಕೆ 1961ರ ಕಾನೂನಿನಿಂದ ರದ್ದಾಯಿತು. 1978ರಲ್ಲಿ ದಕ್ಷಿಣದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಆಮೇಲೆ ವೈಟ್‌ಫೀಲ್ಡಿನ ಸುತ್ತಲೂ ಕಂಪೆನಿಗಳು ಬಂದವು. ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಚಿನ್ನದ ಬೆಲೆ ಬಂದಾಗ ವಂಶವೃಕ್ಷ ಎಂಬ ಮಾತು ಪುರಾಣದಿಂದ ಇಳಿದು ನಾಡಕಚೇರಿಗೆ ಬಂದಿತು. ಪಹಣಿಯ ಜೊತೆಗೆ ವಂಶವೃಕ್ಷವಿಲ್ಲದೆ ಖಾತೆ ಬದಲಾಗದು, ಕ್ರಯಪತ್ರ ಸಲೀಸಾಗದು.

ಆ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಹೆಸರುಗಳು ಸಾಲಾಗಿ ಇಳಿಯುತ್ತವೆ. ಹೆಣ್ಣುಮಕ್ಕಳೋ? ಮದುವೆಯಾಗಿ ಹೊರಗೆ ಹೋದವರೆಂದು ಎಷ್ಟೋ ಮನೆಗಳಲ್ಲಿ ಅವರನ್ನು ಬರೆಸುತ್ತಲೇ ಇರಲಿಲ್ಲ. ಮೈಸೂರು ಸಂಸ್ಥಾನವು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನನ್ನು ಮಾಡಿ ದಾರಿ ತೋರಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದಿತು. 2005ರಲ್ಲಿ ಕೇಂದ್ರದ ಕಾನೂನು ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮಾನವಾದ ಹಕ್ಕುದಾರಳನ್ನಾಗಿ ಮಾಡಿತು. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಮರೆತ ಕೊಂಬೆಗಳನ್ನು ವೃಕ್ಷದಲ್ಲಿ ಬರೆಯುವುದು ಈಗ ಅನಿವಾರ್ಯವಾಗಿದೆ. ಆದರೆ ಅಕ್ಕತಂಗಿಯರ ನೆನಪು ಪ್ರೀತಿಯಿಂದ ಬಾರದೆ ಹಕ್ಕುಬಿಡುಗಡೆ ಪತ್ರದ ಸಹಿಗಾಗಿ ಬಂದರೆ ಅದು ಯಾರಿಗೂ ಶೋಭೆಯಲ್ಲ. ಲಂಡನ್ನಿನ ಪುಸ್ತಕದ ಖಾಲಿ ಜಾಗಕ್ಕೂ ಹಳ್ಳಿಯ ವಂಶವೃಕ್ಷದ ಖಾಲಿ ಜಾಗಕ್ಕೂ ಬಹಳ ದೂರವೇನೂ ಇಲ್ಲ.

ವಂಶವನ್ನು ಬೇರೆ ರೀತಿಯಲ್ಲಿ ಎಣಿಸಲು ಸಾಧ್ಯವೇ ಇಲ್ಲವೇ? ಕರ್ನಾಟಕದಲ್ಲಿಯೇ ಅದಕ್ಕೆ ನಿದರ್ಶನವಿದೆ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ವಂಶ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅಲ್ಲಿ ಕುಟುಂಬದ ಬುಡದಲ್ಲಿ ನಿಲ್ಲುವವಳು ಮೂಲಸ್ತ್ರೀ. ಅವಳ ಹೆಣ್ಣುಮಕ್ಕಳಿಂದ ಒಡೆದ ಕವಲುಗಳಿಗೆ 'ಕವರು' ಎಂದು ಹೆಸರು. 1949ರ ಕಾನೂನು ಕೂಡ ಆ ಮಾತನ್ನೇ ಬಳಸಿತು. ಹೆಣ್ಣಿನ ಮೂಲವನ್ನು ಕೇಳಬಾರದೆಂಬ ಗಾದೆ ಒಂದು ಕಡೆ, ಹೆಣ್ಣೇ ಮೂಲವೆಂಬ ಕಟ್ಟಳೆ ಇನ್ನೊಂದು ಕಡೆ - ಎರಡೂ ಒಂದೇ ನಾಡಿನವು. ಬರೆಯಲು ಮನಸ್ಸಿದ್ದಲ್ಲಿ ಹೆಸರು ಉಳಿಯಿತು; ಇಲ್ಲದಲ್ಲಿ ಅಳಿಯಿತು.

ಅಳಿದಂತೆ ಕಾಣುವ ಹೆಸರು ಕೆಲವೊಮ್ಮೆ ಮರಳಿ ಸಿಗುವುದೂ ಉಂಟು. ಚರ್ಚಿನ ಪುಸ್ತಕ ಮೌನವಾದಾಗ ನಿಪುಣರು ಉಯಿಲುಗಳನ್ನು ತೆರೆಯುತ್ತಾರೆ. ಬದುಕಿದ್ದಾಗ ನಾಲ್ಕು ಜನರೆದುರು ಹೇಳದ ಹೆಸರನ್ನು ಸಾಯುವ ಮುನ್ನ ಎಷ್ಟೋ ಮಂದಿ ಉಯಿಲಿನಲ್ಲಿ ಬರೆಸಿದ್ದಾರೆ: ತನ್ನ ಮಕ್ಕಳ ತಾಯಿಯಾದ ಇಂಥವಳಿಗೆ ಇಷ್ಟು ಹಣ, ಈ ಮನೆ. ಧರ್ಮಪಿತೃಗಳ ಹೆಸರು, ಗೋರಿಯ ಪಕ್ಕದ ಗೋರಿ, ಪಿಂಚಣಿಯ ಕಾಗದ - ಇವುಗಳೂ ಸುಳಿವು ಕೊಡುತ್ತವೆ. ಹಳ್ಳಿಯ ಮನೆತನಗಳಿಗೆ ಹಳೆಯ ಕ್ರಯಪತ್ರ, ದಾನಪತ್ರ, ಜಾತಕದ ಕಟ್ಟು, ಮದುವೆಯ ಲಗ್ನಪತ್ರಿಕೆಗಳು ಇದೇ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ದೊಡ್ಡ ಕಡತವೆಂದರೆ ಮನೆಯ ಮೂಲೆಯಲ್ಲಿ ಹತ್ತಿ ಹೊಸೆಯುತ್ತ ಕುಳಿತಿರುವ ಅಜ್ಜಿಯ ನೆನಪು. ಅವಳಿಗೆ ತವರಿನ ಮೂರು ತಲೆಮಾರು ಗೊತ್ತು. ಯಾವ ಹೆಣ್ಣು ಯಾವ ಊರಿಗೆ ಹೋದಳು, ಯಾರಿಗೆ ಯಾರ ಹೆಸರಿಟ್ಟರು ಎಂಬುದೆಲ್ಲ ಗೊತ್ತು. ಈ ಕಡತಕ್ಕೆ ನಕಲು ಪ್ರತಿಯಿಲ್ಲ. ಕಳೆದುಹೋದರೆ ಯಾವ ಕಚೇರಿಯಲ್ಲಿಯೂ ದೊರೆಯದು.

ಮಹಾಲಯದ ದಿನ ಎಳ್ಳುನೀರು ಬಿಡುವವರು ಮೂರು ತಲೆಯ ಹೆಸರು ಹೇಳುತ್ತಾರೆ. ಅದರಾಚೆಗಿನವರು ಎಲ್ಲರ ಪಾಲಿಗೂ ಮಸುಕು. ವಾಚಕರು ಒಂದು ಪರೀಕ್ಷೆ ಮಾಡಿ ನೋಡಬಹುದು. ತಂದೆಯ ತಂದೆ, ಅವರ ತಂದೆ - ಇವರ ಹೆಸರು ಬಹಳ ಜನರ ನಾಲಿಗೆಯ ಮೇಲಿರುತ್ತದೆ. ತಾಯಿಯ ತಾಯಿ, ಅವಳ ತಾಯಿ - ಇವರ ಹೆಸರನ್ನು ಎಷ್ಟು ಜನ ತಡವರಿಸದೆ ಹೇಳಬಲ್ಲರು?

ಹೊಸ ನೆಲಕ್ಕೆ ಮೊದಲು ಕಾಲಿಟ್ಟವನನ್ನು ಲೋಕ ಕೊಂಡಾಡುತ್ತದೆ; ಊರಿಗೆ ಅವನ ಹೆಸರಿಡುತ್ತದೆ. ಕೊಂಡಾಡಲಿ, ತಪ್ಪೇನಿಲ್ಲ. ಆದರೆ ತವರನ್ನು ಬಿಟ್ಟು, ಕೆಲವರು ಭಾಷೆಯನ್ನೂ ಹೆಸರನ್ನೂ ಬಿಟ್ಟು, ಗುರುತಿಲ್ಲದ ಮನೆಯ ಹೊಸ್ತಿಲನ್ನು ದಾಟಿ ಒಲೆ ಹಚ್ಚಿದ ಹೆಂಗಸರೂ ಮೊದಲಿಗರೇ. ಅವರ ಹೆಸರಿನಲ್ಲಿ ಊರು ಕಟ್ಟುವುದು ಈಗ ಆಗದ ಮಾತು. ಮನೆಯ ವಂಶಾವಳಿಯಲ್ಲಿ ಒಂದು ಗೆರೆ ಬರೆಯುವುದು ಮಾತ್ರ ಇನ್ನೂ ಕೈಯಲ್ಲಿದೆ. ಅಜ್ಜಿ ಇರುವ ಮನೆಗಳವರು ಆ ಕೆಲಸವನ್ನು ನಾಳೆಗೆ ದೂಡದಿರುವುದು ಲೇಸು.