ಎಳ್ಳು-ಬೆಲ್ಲ ಮಾರೋಣ, ಹಬ್ಬ ಮಾರೋದು ಬೇಡ

ಸಂಕ್ರಾಂತಿಗೆ ಇನ್ನು ಆರು ವಾರ ಇದೆ. ನಮ್ಮ ಅಂಗಡಿಯ ವಾಟ್ಸಾಪ್‌ಗೆ "ಈ ಸಲ ಎಳ್ಳು-ಬೆಲ್ಲ ಯಾವಾಗಿಂದ ಸಿಗತ್ತೆ?" ಅಂತ ಮೆಸೇಜ್ ಬರೋಕೆ ಶುರುವಾಗಿದೆ. ಅದರ ಜೊತೆಗೆ ಇನ್ನೊಂದು ಬಗೆಯ ಫೋನೂ ಬರುತ್ತಿದೆ. "ಅಣ್ಣ, ನಾವೂ ತೋಟದಲ್ಲೇ ಒಂದು ಅಂಗಡಿ ಇಟ್ಟು ಹಬ್ಬಕ್ಕೆ ವ್ಯಾಪಾರ ಮಾಡೋಣ ಅಂತಿದ್ದೀವಿ. ಗಿಟ್ಟುತ್ತಾ?" ಅಂತ ಕೇಳುವವರು. ಹೆಚ್ಚಿನವರು ನಿಮ್ಮ ಹಾಗೆ ಇಪ್ಪತ್ತು-ಮೂವತ್ತರ ಒಳಗಿನ ಹುಡುಗರು, ಹುಡುಗಿಯರು.

ಗಿಟ್ಟುತ್ತೆ. ಆದರೆ ಎರಡು ವರ್ಷ ನಾನು ಮಾಡಿದ ಹಾಗೆ ಮಾಡಿದರೆ ಗಿಟ್ಟಲ್ಲ. ದುಡ್ಡೂ ಹೋಗುತ್ತೆ, ಹಬ್ಬವೂ ಹೋಗುತ್ತೆ. ಅದನ್ನೇ ಈ ವಾರ ಹೇಳೋಣ ಅಂತ ಕೂತಿದ್ದೇನೆ.

ರಸ್ತೆ ದೂರ ಆಯ್ತು

ನಮ್ಮದು ಮದ್ದೂರು ಕಡೆ, ಹಳೆ ಬೆಂಗಳೂರು-ಮೈಸೂರು ರಸ್ತೆ ಪಕ್ಕದ ಐದು ಎಕರೆ. ತೋಟಗಾರಿಕೆ ಓದಿ, ಎರಡು ವರ್ಷ ನರ್ಸರಿಯೊಂದರಲ್ಲಿ ಕೆಲಸ ಮಾಡಿ, ಊರಿಗೆ ವಾಪಸ್ ಬಂದು ಸಾವಯವ ಶುರು ಮಾಡಿದವನು ನಾನು. ರಸ್ತೆಗೆ ಮುಖ ಮಾಡಿ ಒಂದು ಶೆಡ್ ಹಾಕಿದ್ವಿ. ಎಳನೀರು, ತರಕಾರಿ, ನಮ್ಮ ಕಬ್ಬಿನ ಬೆಲ್ಲ, ಗಾಣದ ಎಣ್ಣೆ, ಒಂದು ಕಪಾಟಿನಲ್ಲಿ ಚನ್ನಪಟ್ಟಣದ ಅರಗಿನ ಗೊಂಬೆಗಳು. ಮೈಸೂರಿಗೆ ಹೋಗೋರು ಬರೋರು ಕಾರು ನಿಲ್ಲಿಸಿ ಕೊಳ್ಳುತ್ತಿದ್ದರು. ಅಣ್ಣ ಗಲ್ಲಾದಲ್ಲಿ, ಅತ್ತಿಗೆ ಪ್ಯಾಕಿಂಗ್‌ನಲ್ಲಿ, ಅಪ್ಪ-ಅಮ್ಮ ಇಬ್ಬರೂ ತೋಟದಲ್ಲಿ. ನಡೀತಿತ್ತು.

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಎಲ್ಲ ಊರಿಗೂ ಬೈಪಾಸ್. ಪ್ರಯಾಣದ ಹೊತ್ತು ಉಳಿಯಿತು, ಸಂತೋಷವೇ. ಆದರೆ ಗೊಂಬೆ ಅಂಗಡಿಯವರು, ವಡೆ ಹೋಟೆಲಿನವರು, ಎಳನೀರಿನವರು, ನಮ್ಮಂಥವರು ಎಲ್ಲ ಖಾಲಿ ರಸ್ತೆ ನೋಡಿಕೊಂಡು ಕೂರುವ ಹಾಗಾಯ್ತು. ದಾರಿಹೋಕ ಗಿರಾಕಿಯನ್ನು ನಂಬಿದ ವ್ಯಾಪಾರ ಎಷ್ಟು ಸಣ್ಣ ದಾರದ ಮೇಲೆ ನಿಂತಿರುತ್ತೆ ಅಂತ ಆವತ್ತು ಗೊತ್ತಾಯ್ತು.

ಹಾಗಾಗಿ ಜನ ಬೇಕು ಅಂತಲೇ ಹುಡುಕಿಕೊಂಡು ಬರೋ ಕಾರಣ ಒಂದನ್ನು ಕೊಡಬೇಕಿತ್ತು. ಆ ಕಾರಣ ಹಬ್ಬ. ಯುಗಾದಿಗೆ ಬೇವು-ಮಾವಿನ ಸೊಪ್ಪು, ವರಮಹಾಲಕ್ಷ್ಮಿಗೆ ಹೂವು-ಬಾಳೆ, ದಸರಾಕ್ಕೆ ಗೊಂಬೆ, ಆಯುಧಪೂಜೆಗೆ ಬೂದುಗುಂಬಳ, ಚೆಂಡುಹೂವು. ಎಲ್ಲಕ್ಕಿಂತ ದೊಡ್ಡದು ಸಂಕ್ರಾಂತಿ. ಕಬ್ಬು, ಅವರೆಕಾಯಿ, ಕಡಲೆಕಾಯಿ, ಗೆಣಸು, ಎಳ್ಳು, ಹೊಸ ಬೆಲ್ಲ... ನಮ್ಮ ಹೊಲ ಏನು ಕೊಡುತ್ತೋ ಅದೇ ಆವತ್ತಿನ ಹಬ್ಬ. ಇಂಥ ಹಬ್ಬಕ್ಕೆ ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಡಬ್ಬಿ ಯಾಕೆ ತರಬೇಕು, ತೋಟಕ್ಕೇ ಬನ್ನಿ ಅಂದ್ವಿ. ಬಂದರು.

ಖಾಲಿ ಡಬ್ಬಿ

ಮೊದಲ ವರ್ಷ 40 ಕೆಜಿ ಎಳ್ಳು-ಬೆಲ್ಲ ಮಾಡಿದ್ವಿ. ನೋಡೋಕೆ ಸುಲಭ ಅನ್ನಿಸುತ್ತೆ, ಕೂತು ಮಾಡಿದವರಿಗೇ ಗೊತ್ತು. ಎಳ್ಳು ಕೇರಿ, ಕಲ್ಲು ಆರಿಸಬೇಕು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಿಗೆ ಹಾಕಬೇಕು. ಬೆಲ್ಲವನ್ನು ಪುಡಿ ಆಗದ ಹಾಗೆ ಕಾಳಿನಷ್ಟು ಗಾತ್ರಕ್ಕೆ ಕತ್ತರಿಸಬೇಕು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಬಿಡಿಸಬೇಕು. ಅಮ್ಮ, ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯ ಇಬ್ಬರು, ಒಟ್ಟು ಐದು ಜನ ಆರು ದಿನ ದಿನಕ್ಕೆ ಐದು ಗಂಟೆ ಕೂತರು.

ಎಲ್ಲ ಮಾರಾಟ ಆಯ್ತು. ಸಾಮಾನಿನ ಖರ್ಚು, ಡಬ್ಬಿ, ಲೇಬಲ್ ಎಲ್ಲ ಕಳೆದು ಕೆಜಿಗೆ 180 ರೂಪಾಯಿ ಉಳಿಯಿತು ಅಂತ ನಾನು ಎಕ್ಸೆಲ್ ಶೀಟಿನಲ್ಲಿ ಬರೆದೆ. 40 ಕೆಜಿಗೆ 7,200. ಖುಷಿಯೋ ಖುಷಿ.

ಹಬ್ಬದ ಸಂಜೆ ಬೀದಿಯ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟುಕೊಂಡು, ತಟ್ಟೆ ಹಿಡಿದು ಎಳ್ಳು ಬೀರೋಕೆ ನಮ್ಮ ಮನೆಗೂ ಬಂದರು. ಕೊಟ್ಟರು. ತಿರುಗಿ ಕೊಡೋಣ ಅಂತ ಅಮ್ಮ ಒಳಗೆ ಹೋಗಿ ಡಬ್ಬಿ ತೆಗೆದರೆ ಖಾಲಿ. ಬೆಳಗ್ಗೆ ಯಾರೋ ಕಾರಿನಲ್ಲಿ ಬಂದವರು ಇನ್ನೊಂದು ಅರ್ಧ ಕೆಜಿ ಬೇಕೇ ಬೇಕು ಅಂದಾಗ, ಮನೆಗೆ ಅಂತ ಎತ್ತಿಟ್ಟಿದ್ದನ್ನೂ ನಾನೇ ತೂಗಿ ಕೊಟ್ಟಿದ್ದೆ. ಊರಿಗೆಲ್ಲ ಎಳ್ಳು-ಬೆಲ್ಲ ಕಟ್ಟಿದ ಮನೆಯಲ್ಲಿ ಬೀರೋಕೆ ಒಂದು ಹಿಡಿ ಇರಲಿಲ್ಲ. ಅಮ್ಮ ಏನೂ ಬೈಯಲಿಲ್ಲ. ಮಕ್ಕಳ ತಟ್ಟೆಗೆ ಒಂದೊಂದು ತುಂಡು ಕಬ್ಬು ಇಟ್ಟರು, ಅಷ್ಟೇ. ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

ರಾತ್ರಿ ಅತ್ತಿಗೆ ಒಂದು ಮಾತು ಕೇಳಿದರು: "ನಿಮ್ಮ ಲೆಕ್ಕದಲ್ಲಿ ನಾವು ಐದು ಜನ ಎಲ್ಲಿದ್ದೀವಿ?"

ಮತ್ತೆ ಲೆಕ್ಕ ಹಾಕಿದೆ. ಐದು ಜನ, ಆರು ದಿನ, ಐದು ಗಂಟೆ ಅಂದರೆ 150 ಗಂಟೆ. ನಮ್ಮ ಕಡೆ ಆಗ ಹೆಣ್ಣಾಳಿಗೆ ಆರು ಗಂಟೆಗೆ 350 ರೂಪಾಯಿ ಕೂಲಿ. 150 ಗಂಟೆ ಅಂದರೆ 25 ಆಳು, 8,750 ರೂಪಾಯಿ. ನಾನು ಲಾಭ ಅಂದುಕೊಂಡಿದ್ದು 7,200. ಅಂದರೆ 1,550 ರೂಪಾಯಿ ನಷ್ಟಕ್ಕೆ ಮನೆಯ ಹೆಂಗಸರ ಆರು ದಿನ ಮತ್ತು ಒಂದು ಹಬ್ಬ ಮಾರಿದ್ದೆ.

ಇದೇ ನನ್ನ ಮೊದಲ ಮಾತು. ಮನೆಯವರು ಮಾಡಿದ ಕೆಲಸ ಪುಕ್ಕಟೆ ಅಂತ ಬರೆದರೆ ಯಾವ ವ್ಯಾಪಾರವೂ ಲಾಭವೇ. ಹೋಳಿಗೆ, ಹಪ್ಪಳ, ಉಪ್ಪಿನಕಾಯಿ, ಎಲ್ಲದರಲ್ಲೂ ಇದೇ ಕಥೆ. "ಕುಟುಂಬ ನಡೆಸುವ ತೋಟದ ಅಂಗಡಿ" ಅಂತ ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆಸ್ತೀವಿ. ಆ ಕುಟುಂಬದಲ್ಲಿ ಯಾರಿಗೆ ಸಂಬಳ, ಯಾರಿಗೆ ಬರೀ ಸುಸ್ತು ಅಂತಲೂ ಒಮ್ಮೆ ಬರೆದು ನೋಡಿ. ಈಗ ನಮ್ಮಲ್ಲಿ ಐವರಿಗೂ ಗಂಟೆ ಲೆಕ್ಕದಲ್ಲಿ ಕೂಲಿ, ಅಮ್ಮನಿಗೂ ಅತ್ತಿಗೆಗೂ ಅವರವರ ಖಾತೆಗೇ. ಮಾಡೋದು 40 ಕೆಜಿ ಅಲ್ಲ, 25. ರೇಟು ಜಾಸ್ತಿ. ಕೇಳಿದವರಿಗೆ ಯಾಕೆ ಜಾಸ್ತಿ ಅಂತ ಹೇಳ್ತೀವಿ. ಹೋದ ಸಲ ಹಬ್ಬಕ್ಕೆ ಎರಡು ದಿನ ಮೊದಲೇ ಮುಗಿದಿತ್ತು. ಮನೆಯ ಎರಡು ಕೆಜಿ ಮೊದಲೇ ಒಳಗೆ ಹೋಗುತ್ತೆ, ಅದಕ್ಕೆ ರೇಟಿಲ್ಲ.

ಹಳದಿ ಬೆಲ್ಲ

ಎರಡನೇ ವರ್ಷದ ತಪ್ಪು ಇದಕ್ಕಿಂತ ಕೆಟ್ಟದ್ದು. ಆರ್ಡರ್ ಜಾಸ್ತಿ ಬಂತು, ನಮ್ಮ ಬೆಲ್ಲ, ಎಳ್ಳು ಎರಡೂ ಮುಗಿಯಿತು. ಹಬ್ಬಕ್ಕೆ ಮೂರು ದಿನ ಇರುವಾಗ ಮಂಡಿಯಿಂದ ಹೊಳಪಿನ ಎಳ್ಳು, ಚಿನ್ನದ ಬಣ್ಣದ ಬೆಲ್ಲ ತಂದು ಬೆರೆಸಿ, "ನಮ್ಮ ತೋಟದ್ದು" ಅನ್ನೋ ಅದೇ ಲೇಬಲ್ ಅಂಟಿಸಿದೆ. ಮಂಡ್ಯ ಸೀಮೆಯಲ್ಲಿ ಹುಟ್ಟಿದವನಿಗೆ ಆ ಬಣ್ಣ ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ಲದೆ ಏನಲ್ಲ. ಆಲೆಮನೆಯಲ್ಲಿ ಬಣ್ಣ ಬಿಳುಚಿಸೋಕೆ ಹೈಡ್ರೋಸ್ ಹಾಕೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ನಮ್ಮದು ಕಂದು ಬೆಲ್ಲ, ನೋಡೋಕೆ ಚೆಂದ ಇಲ್ಲ.

ಹಬ್ಬದ ಮಾರನೇ ದಿನ ಬೆಂಗಳೂರಿನಿಂದ ಒಬ್ಬರು ಹಿರಿಯ ಹೆಂಗಸು ಫೋನ್ ಮಾಡಿದರು. "ಹೋದ ವರ್ಷ ಬೆಲ್ಲ ಕಂದು ಇತ್ತಲ್ಲಪ್ಪ, ಈ ಸಲ ಯಾಕೆ ಹಳದಿ?" ನಾನು ತಡವರಿಸದೆ ಹೇಳಿದೆ: "ಕಬ್ಬಿನ ತಳಿ ಬೇರೆ ಆಂಟಿ." ಅವರು "ಓ, ಹೌದಾ" ಅಂದು ಫೋನ್ ಇಟ್ಟರು. ಮುಂದಿನ ವರ್ಷ ಅವರಿಂದ ಆರ್ಡರ್ ಬರಲಿಲ್ಲ. ಅವರ ಅಪಾರ್ಟ್‌ಮೆಂಟಿನ ಇನ್ನು ಹನ್ನೊಂದು ಮನೆಯಿಂದಲೂ ಬರಲಿಲ್ಲ. ಜಗಳ ಇಲ್ಲ, ಒಂದು ಸ್ಟಾರ್ ರಿವ್ಯೂ ಇಲ್ಲ. ಸುಮ್ಮನೆ ಹೋದರು. ಸುಮ್ಮನೆ ಹೋಗುವ ಗಿರಾಕಿಯನ್ನು ವಾಪಸ್ ಕರೆಯೋಕೆ ದಾರಿಯೇ ಇರಲ್ಲ.

ಬೇರೆಯವರ ಮಾಲು ಮಾರಲೇಬಾರದು ಅಂತ ನಾನು ಹೇಳಲ್ಲ. ಹುರಿಗಡಲೆ ನಾವೂ ಕೊಂಡು ತರ್ತೀವಿ. ಗೊಂಬೆ ಮಾಡೋರು ಚನ್ನಪಟ್ಟಣದ ಕುಶಲಕರ್ಮಿಗಳು. ಯಾರದ್ದು ಅಂತ ಬರೆದು ಮಾರಿ, ಅಷ್ಟೇ. ಈಗ ನಮ್ಮ ಡಬ್ಬಿ ಮೇಲೆ ಎರಡು ಸಾಲು ಇರುತ್ತೆ: ನಮ್ಮ ಹೊಲದ್ದು ಎಳ್ಳು, ಕಡಲೆಕಾಯಿ, ಬೆಲ್ಲ, ಕೊಬ್ಬರಿ, ಹೊರಗಿಂದ ತಂದದ್ದು ಹುರಿಗಡಲೆ. ಇದರಿಂದ ಒಂದು ಡಬ್ಬಿಯೂ ಕಡಿಮೆ ಹೋಗಿಲ್ಲ. ಮುಗಿದರೆ "ಮುಗಿಯಿತು" ಅಂತ ಸ್ಟೇಟಸ್ ಹಾಕ್ತೀವಿ. ಆ ಸ್ಟೇಟಸ್ ನೋಡಿದವರೇ ಮುಂದಿನ ವರ್ಷ ಮೊದಲು ಬುಕ್ ಮಾಡೋದು.

ಹನ್ನೊಂದು ಗಂಟೆಗೆ ಕಿಚ್ಚು

ನಮ್ಮ ಸೀಮೆಯಲ್ಲಿ ಸಂಕ್ರಾಂತಿ ಅಂದರೆ ಸಂಜೆ ಕಿಚ್ಚು ಹಾಯಿಸೋದು. ಎತ್ತು-ಹಸುಗಳ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಹೂವು ಕಟ್ಟಿ, ಹೊತ್ತು ಮುಳುಗೋ ಹೊತ್ತಿಗೆ ಹುಲ್ಲಿನ ಬೆಂಕಿ ದಾಟಿಸೋದು. ಒಬ್ಬರು ಗಿರಾಕಿ ಇಪ್ಪತ್ತು ಜನರ ಗುಂಪು ಕರೆತರ್ತೀನಿ, ಆದರೆ ಅವರೆಲ್ಲ ಮಧ್ಯಾಹ್ನಕ್ಕೆ ವಾಪಸ್ ಹೋಗಬೇಕು, ಕಿಚ್ಚನ್ನು ಬೆಳಗ್ಗೆ ಹನ್ನೊಂದಕ್ಕೆ ತೋರಿಸ್ತೀರಾ ಅಂದರು. ತಲೆಗೆ 500 ರೂಪಾಯಿ ಕೊಡ್ತೀವಿ ಅಂದರು. ಹತ್ತು ಸಾವಿರ! ನಾನು ಹೂಂ ಅನ್ನೋದರಲ್ಲಿದ್ದೆ.

ಅಪ್ಪ ಕೇಳಿಸಿಕೊಂಡು ಹೇಳಿದರು: "ಎತ್ತಿಗೆ ಹಬ್ಬ ಸಂಜೆಗೆ. ನಿಂಗೆ ಬೇಕಾದ್ರೆ ನೀನು ಹಾರು."

ಆವತ್ತು ನಗು ಬಂದರೂ ಆಮೇಲೆ ಯೋಚನೆ ಮಾಡಿದೆ. ನಮ್ಮ ಹಬ್ಬಕ್ಕೆ ಜನ ಬರಲಿ, ಊಟ ಮಾಡಲಿ, ನೋಡಲಿ. ಆದರೆ ಅವರ ವೇಳೆಗೆ ಹಬ್ಬವನ್ನು ಹಿಂದೆ ಮುಂದೆ ಎಳೆದರೆ ಅದು ಹಬ್ಬ ಆಗಿ ಉಳಿಯಲ್ಲ, ಶೋ ಆಗುತ್ತೆ. ಶೋ ಆದಮೇಲೆ ಇನ್ನೂ ಚೆನ್ನಾಗಿ ಶೋ ಮಾಡುವ ರೆಸಾರ್ಟಿನ ಜೊತೆ ನಾವು ಪೈಪೋಟಿ ಮಾಡಬೇಕು. ಅವರ ಹತ್ತಿರ ಲೈಟಿದೆ, ಡಿಜೆ ಇದೆ, ಪಾರ್ಕಿಂಗ್ ಇದೆ. ನಮ್ಮ ಹತ್ತಿರ ಇರೋದು ನಿಜವಾದ ಹಬ್ಬ ಒಂದೇ. ಅದನ್ನು ಕೊಟ್ಟುಬಿಟ್ಟರೆ ಇನ್ನೇನು ಉಳಿಯುತ್ತೆ?

ಅದಕ್ಕೇ ನಮ್ಮ ನಿಯಮ: ಹಬ್ಬದ ಹಿಂದಿನ ವಾರ ಪೂರ್ತಿ ಅಂಗಡಿ ತೆರೆದಿರುತ್ತೆ. ಹಬ್ಬದ ದಿನ ಬಾಗಿಲು ಹಾಕಿರುತ್ತೆ. "ಆವತ್ತೇ ತಾನೇ ವ್ಯಾಪಾರ?" ಅಂತ ಅಣ್ಣ ಮೊದಲು ಒಪ್ಪಲಿಲ್ಲ. ಅವನ ಮಾತು ಸುಳ್ಳಲ್ಲ, ಕಡೇ ಗಳಿಗೆಯ ಗಿರಾಕಿ ಕೈಬಿಡುತ್ತೆ. ಹೂವು ಮಾರೋರಿಗಂತೂ ಈ ನಿಯಮ ಆಗಲ್ಲ, ಹಬ್ಬದ ಬೆಳಗ್ಗೆಯೇ ಅವರ ಸಂತೆ. ಆದರೆ ಎಳ್ಳು, ಬೆಲ್ಲ, ಕಬ್ಬು, ಗೊಂಬೆ ಇಂಥದ್ದಕ್ಕೆಲ್ಲ ಜನ ನಾಲ್ಕು ದಿನ ಮೊದಲೇ ಕೊಳ್ಳೋದನ್ನು ಕಲೀತಾರೆ. ನಾವು ಕಲಿಸಬೇಕು, ಅಷ್ಟೇ.

ಶುರು ಮಾಡೋದಿದ್ದರೆ

ಈ ಆರು ವಾರದಲ್ಲಿ ಆಗುವ ಕೆಲಸ ಇಷ್ಟು:

- ಎಷ್ಟು ಮಾಡಬಹುದು ಅಂತ ಮನೆಯವರನ್ನು ಕೂರಿಸಿಕೊಂಡು ತೀರ್ಮಾನ ಮಾಡಿ. ಆ ಅಂಕಿ ದಾಟಬೇಡಿ. ಗಂಟೆ ಬರೆದಿಡೋಕೆ ಒಂದು ನೋಟ್‌ಬುಕ್ ಇಡಿ.
- ಆಹಾರ ಪದಾರ್ಥ ಪ್ಯಾಕ್ ಮಾಡಿ ಮಾರೋಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಫಾಸ್ಕಾಸ್ ಪೋರ್ಟಲ್‌ನಲ್ಲಿ ಫೋನಿನಿಂದಲೇ ಅರ್ಜಿ ಹಾಕಬಹುದು. ವಹಿವಾಟಿನ ಮಿತಿ, ಶುಲ್ಕ ಎಷ್ಟು ಅಂತ ಅಲ್ಲೇ ನೋಡಿ.
- ಡಬ್ಬಿ ಮೇಲೆ ಹೆಸರು-ವಿಳಾಸ, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತೆ ಅನ್ನೋದು ಇರಲಿ.
- "ಸಾವಯವ" ಅಂತ ಬರೆಯೋ ಮೊದಲು ನಿಯಮ ಓದಿ. ಪ್ರಮಾಣಪತ್ರ ಇಲ್ಲದೆ ಜೈವಿಕ್ ಭಾರತ್ ಲೋಗೋ ಹಾಕೋ ಹಾಗಿಲ್ಲ. ಊರಿನಲ್ಲಿ ಐದು ಜನ ರೈತರು ಸೇರಿದರೆ ಪಿಜಿಎಸ್ ಗುಂಪು ಮಾಡಬಹುದು.
- ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಹಾಕಿ, ಅರ್ಧ ದುಡ್ಡು ಮುಂಗಡ ಯುಪಿಐನಲ್ಲಿ ತಗೊಳ್ಳಿ. ಜನವರಿ 8ಕ್ಕೆ ಆರ್ಡರ್ ನಿಲ್ಲಿಸಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಜಾಗ ಸರಿಯಾಗಿ ಗುರುತಿಸಿ, ಎಕ್ಸ್‌ಪ್ರೆಸ್‌ವೇಯಿಂದ ಎಲ್ಲಿ ಇಳಿಯಬೇಕು ಅಂತ ವಿಡಿಯೋ ಮಾಡಿ ಕಳಿಸಿ. ನಮಗೆ ಇದರಿಂದ ಆದಷ್ಟು ಉಪಯೋಗ ಯಾವ ಜಾಹೀರಾತಿನಿಂದಲೂ ಆಗಿಲ್ಲ.

ಮುಂದಿನ ಹಬ್ಬಗಳಿಗೆ ಕ್ಯಾಲೆಂಡರನ್ನು ಹಿಂದಿನಿಂದ ಓದೋದು ಕಲೀರಿ. ಆಯುಧಪೂಜೆಗೆ ಚೆಂಡುಹೂವು ಬೇಕು ಅಂದರೆ ಹಬ್ಬದಿಂದ ಹಿಂದಕ್ಕೆ ಎಣಿಸಿ: ಸಸಿ ನಾಟಿಯಿಂದ ಹೂವಿಗೆ ಸುಮಾರು 55-60 ದಿನ, ಸಸಿ ಮಡಿಯಲ್ಲಿ 25 ದಿನ. ಕುಡಿ ಚಿವುಟಿದರೆ ಹೂವು ಜಾಸ್ತಿ, ಆದರೆ ಕೆಲವು ದಿನ ತಡ. ಅದನ್ನೂ ಸೇರಿಸಿ. ಹಬ್ಬ ಮುಗಿದ ಮಾರನೇ ದಿನ ಆ ಹೂವನ್ನು ಕೇಳೋರೇ ಇರಲ್ಲ. ಆದ್ದರಿಂದ ಪೂರ್ತಿ ಜಮೀನಿಗೆ ಅದನ್ನೇ ಹಾಕಬೇಡಿ.

ಕೊನೆಗೆ ಒಂದು. ಎಳ್ಳು-ಬೆಲ್ಲದ ಅಂಗಡಿ ಇಡ್ತೀನಿ ಅಂದಾಗ ನಮ್ಮಜ್ಜಿ ಮುಖ ಸಿಂಡರಿಸಿ ಕೇಳಿದ್ದರು, "ಬೀರೋ ಎಳ್ಳಿಗೆ ದುಡ್ಡು ತಗೋತೀಯೇನೋ?" ಅಂತ. ಉತ್ತರ ಸಿಗೋಕೆ ಎರಡು ವರ್ಷ ಹಿಡೀತು. ಈಗ ಅಂಗಡಿ ಬಾಗಿಲಲ್ಲಿ ಒಂದು ಹಿತ್ತಾಳೆ ತಟ್ಟೆ ಇರುತ್ತೆ. ಬಂದವರು ಕೊಳ್ಳಲಿ ಬಿಡಲಿ, ಅಜ್ಜಿ ಎಲ್ಲರ ಕೈಗೂ ಒಂದು ಹಿಡಿ ಎಳ್ಳು-ಬೆಲ್ಲ ಹಾಕಿ ಒಳ್ಳೆ ಮಾತಾಡಿ ಅಂತಾರೆ. ಅದು ಬೀರೋ ಎಳ್ಳು. ಡಬ್ಬಿಯಲ್ಲಿ ಇರೋದಕ್ಕೆ ರೇಟಿದೆ, ಅದು ಐದು ಜನ ಹೆಂಗಸರ ಕೂಲಿ ಮತ್ತು ನಮ್ಮ ಬೆಳೆಯ ಬೆಲೆ. ಎರಡನ್ನೂ ಕಲಸಬೇಡಿ. ಈ ಸಂಕ್ರಾಂತಿಗೆ ನಿಮ್ಮ ಮನೆಯ ಡಬ್ಬಿ ಮೊದಲು ತುಂಬಲಿ.