ಉದ್ದದ ಪ್ಲಾಟ್‌ಫಾರ್ಮ್ ಗೊತ್ತು, ಉಚಿತ ಪಾಸ್ ಗೊತ್ತಿಲ್ಲ

ಹುಬ್ಬಳ್ಳಿ ರೈಲು ನಿಲ್ದಾಣ ಅಂದರೆ ನಾವೆಲ್ಲ ಮೊದಲು ಹೇಳುವ ಮಾತು ಒಂದೇ: ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ನಮ್ಮದು! ನಿಜ. 1507 ಮೀಟರ್ ಉದ್ದದ ಈ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಆ ದಾಖಲೆ ಗೋರಖ್‌ಪುರದ್ದು.

ನನ್ನ ದಾದಾ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಕಟ್ಟಿದ ಆ ವರ್ಕ್‌ಶಾಪ್ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ಇಷ್ಟೆಲ್ಲ ತಿಳಿದಿದ್ದ ನನಗೆ ಬೇಕಾದ ಒಂದು ವಿಷಯವೇ ತಿಳಿದಿರಲಿಲ್ಲ.

12ನೇ ತರಗತಿವರೆಗಿನ ಹುಡುಗರಿಗೆ, ಪದವಿವರೆಗಿನ ಹುಡುಗಿಯರಿಗೆ ಮನೆ ಮತ್ತು ಕಾಲೇಜಿನ ನಡುವೆ ಓಡಾಡಲು ರೈಲ್ವೆಯು ಎರಡನೇ ದರ್ಜೆಯ ತಿಂಗಳ ಪಾಸನ್ನು ಉಚಿತವಾಗಿ ಕೊಡುತ್ತದೆ. ಮದರಸಾ ವಿದ್ಯಾರ್ಥಿಗಳಿಗೂ ಈ ಸೌಲಭ್ಯ ಇದೆ.

ನಾನು ಕುಂದಗೋಳದಿಂದ ಬರುತ್ತೇನೆ. ಮೊದಲ ಪಿಯುಸಿ ಪೂರ್ತಿ ದಿನಾ ಟಿಕೆಟ್ ತೆಗೆದೆ. ಹೋಗಲು 10, ಬರಲು 10. ತಿಂಗಳಿಗೆ 25 ದಿನ ಅಂದರೆ 500 ರೂಪಾಯಿ, ಹತ್ತು ತಿಂಗಳಿಗೆ 5000. ಕಾಮರ್ಸ್ ಓದುವ ನಾನು ಈ ಲೆಕ್ಕ ಹಾಕಿದ್ದು ವರ್ಷ ಮುಗಿದ ಮೇಲೆ! ಬಾಜಿಗೆ ಶಕ್ತಿ ಯೋಜನೆಯ ಬಸ್ಸಿದೆ, ಆಕೆಯ ಚಿಂತೆ ಇರಲಿಲ್ಲ. ನನ್ನ ದುಡ್ಡು ಮಾತ್ರ ಅಮ್ಮಿಯ ಹೊಲಿಗೆ ಮಷಿನ್‌ನಿಂದಲೇ ಬರಬೇಕಿತ್ತು. ಒಂದು ರಾತ್ರಿ ಅಬ್ಬಾ, "ಊರಲ್ಲೇ ಯಾವುದಾದರೂ ಅಂಗಡಿಗೆ ಸೇರ್ತೀಯೇನು?" ಎಂದು ಕೇಳಿದರು. ಬೈದು ಕೇಳಿದ್ದಲ್ಲ, ಮೆಲ್ಲಗೆ ಕೇಳಿದ್ದು. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ತಪ್ಪು ನನ್ನದೇ, ನಾನು ಯಾರನ್ನೂ ಕೇಳಲಿಲ್ಲ. ಆದರೆ ಕೇಳಬೇಕು ಅನ್ನುವುದೂ ಗೊತ್ತಿರಬೇಕಲ್ಲ? ಕೈಯಲ್ಲಿ ಚಿಲ್ಲರೆ ಇಲ್ಲದ ದಿನ ಕೆಲವರು ಟಿಕೆಟ್ ಇಲ್ಲದೆ ಹತ್ತುತ್ತಾರೆ. ಸಿಕ್ಕಿಬಿದ್ದರೆ ಟಿಕೆಟ್ ದರದ ಜೊತೆಗೆ ಕನಿಷ್ಠ 250 ರೂಪಾಯಿ ಕಟ್ಟಬೇಕು, ಮಾನವೂ ಹೋಗುತ್ತದೆ. ಹಕ್ಕಿನ ಪಾಸ್ ಇರುವಾಗ ಇದು ಯಾಕೆ?

ಪಾಸಿಗೆ ಕಾಲೇಜಿನ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಆದ್ದರಿಂದ ನನ್ನದೊಂದು ವಿನಂತಿ. ಪ್ರವೇಶದ ವಾರದಲ್ಲೇ ನೋಟಿಸ್ ಬೋರ್ಡಿನಲ್ಲಿ ಈ ವಿಷಯ ಹಾಕಿ. ಪ್ರಮಾಣಪತ್ರ ಬರೆದುಕೊಡಲು ಆಫೀಸಿನಲ್ಲಿ ಒಬ್ಬರನ್ನು ನೇಮಿಸಿ. ಸೀನಿಯರ್‌ಗಳಾದ ನಾವು ರೈಲಿನಲ್ಲಿ ಬರುವ ಹೊಸ ತಮ್ಮ ತಂಗಿಯರಿಗೆ ಹೇಳೋಣ. ನನಗೆ ಉಳಿದಿರುವುದು ಕೆಲವೇ ತಿಂಗಳು, ಅವರಿಗೆ ಎರಡು ವರ್ಷ ಇದೆ.