ಒಂದು ಬಾಗಿಲು ಸಾಕು

ಕಳೆದ ಚಳಿಗಾಲದ ರಜೆಯಲ್ಲಿ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಸಣ್ಣ ಯುದ್ಧವೇ ನಡೆಯಿತು. ಏಳನೆಯ ತರಗತಿಯ ಮಗ ಮನೆಯ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ನಡೆಸಲು ಹೊರಟಿದ್ದ. ಮೈಸೂರಿನಿಂದ ನನ್ನ ಅಣ್ಣನ ಮಗಳು ಆಟಕ್ಕೆ ಸೇರಬೇಕು, ಇಬ್ಬರೂ ಕೂಡಿ ಅದರೊಳಗೆ ಊರಿನ ತೊಟ್ಟಿಮನೆ ಕಟ್ಟಬೇಕು ಎಂಬುದು ಅವರ ಯೋಜನೆ. ಎರಡು ದಿನವಾದರೂ ಅವಳಿಗೆ ಒಳಗೆ ಬರಲಾಗಲಿಲ್ಲ. ಮೂರನೆಯ ದಿನ ಇವನು ಬೇಸತ್ತು ಕಂಪ್ಯೂಟರಿನ ಫೈರ್‌ವಾಲ್ ತೆಗೆದುಹಾಕಿ, ರೌಟರಿನಲ್ಲಿ ‘ಡಿಎಂಝಡ್’ ಎಂಬುದನ್ನು ಒತ್ತಿಬಿಟ್ಟ. ಅಂದರೆ ಹೊರಗಿನಿಂದ ಯಾರು ಬಾಗಿಲು ತಟ್ಟಿದರೂ ನೇರ ಆ ಕಂಪ್ಯೂಟರಿಗೇ ದಾರಿ. ನಮ್ಮ ತೆರಿಗೆಯ ಕಾಗದಪತ್ರಗಳೆಲ್ಲ ಇರುವುದೂ ಅದರಲ್ಲೇ. ವಿಷಯ ತಿಳಿದ ನಮ್ಮ ಯಜಮಾನರು ರೌಟರಿನ ವೈರನ್ನೇ ಕಿತ್ತರು.

ಇಬ್ಬರದೂ ತಪ್ಪು ಎಂದು ನನ್ನ ಅಭಿಪ್ರಾಯ. ನಾನು ಬಿ.ಎ. ಓದಿದವಳು, ರೌಟರ್ ನನಗೆ ದೀಪ ಮಿಣುಕುವ ಒಂದು ಡಬ್ಬಿ ಅಷ್ಟೆ. ಆದರೆ ಮಗನ ಪಕ್ಕದಲ್ಲಿ ಕುಳಿತು ಕೇಳಿದಾಗ ನನಗೆ ನೆನಪಾದದ್ದು ಬೆಂಗಳೂರಿನ ವಠಾರ. ಬೀದಿಗೆ ಒಂದೇ ಗೇಟು, ಒಂದೇ ನಂಬರು. ಒಳಗೆ ಎಂಟು ಹತ್ತು ಸಂಸಾರ. ಒಳಗಿನವರು ಹೊರಗೆ ಹೋಗಿ ಬರಲು ತೊಂದರೆಯಿಲ್ಲ. ಹೊಸಬರು ಬಂದರೆ ಯಾವ ಮನೆ ಎಂದು ಗೇಟಿನಲ್ಲಿ ಯಾರಾದರೂ ಹೇಳಬೇಕು. ನಮ್ಮ ಮನೆಗೂ ಹೊರಗಿನ ವಿಳಾಸ ಒಂದೇ. ಒಳಗಿನ ಕಂಪ್ಯೂಟರ್, ಫೋನ್, ಟಿ.ವಿ.ಗಳಿಗೆ 192.168 ಎಂದು ಶುರುವಾಗುವ ಒಳವಿಳಾಸಗಳು. ‘25565 ಎಂದು ಕೇಳಿಕೊಂಡು ಬಂದವರನ್ನು ಇಂಥ ಮನೆಗೆ ಕಳಿಸು’ ಎಂದು ಗೇಟಿನಲ್ಲಿ ಬರೆದಿಡುವುದೇ ಪೋರ್ಟ್ ಫಾರ್ವರ್ಡಿಂಗ್. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಗೆ ಆ ಸಂಖ್ಯೆ, ಟಿಸಿಪಿ. ಬೆಡ್‌ರಾಕ್ ಆವೃತ್ತಿಗಾದರೆ 19132, ಯುಡಿಪಿ. ಒಂದರ ಬದಲು ಇನ್ನೊಂದನ್ನು ಬರೆದು ದಿನಗಟ್ಟಲೆ ತಲೆ ಕೆರೆದುಕೊಳ್ಳುವವರಿದ್ದಾರೆ.

ನಮ್ಮಲ್ಲಿ ಆದದ್ದೇ ಬೇರೆ. ಮೊದಲ ದಿನ ಮಗ ಬರೆದಿದ್ದ ಒಳವಿಳಾಸ ಸರಿಯಾಗಿಯೇ ಇತ್ತು. ರಾತ್ರಿ ಕಂಪ್ಯೂಟರ್ ಆರಿಸಿ ಬೆಳಿಗ್ಗೆ ಹಾಕಿದಾಗ ರೌಟರ್ ಅದಕ್ಕೆ ಹೊಸ ವಿಳಾಸ ಕೊಟ್ಟಿತ್ತು. ಬಾಡಿಗೆದಾರ ಮನೆ ಬದಲಾಯಿಸಿದರೂ ಗೇಟಿನ ಬೋರ್ಡು ಹಳೆಯದೇ! ಆ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯಂ ಮಾಡಿದೆವು. ಫೈರ್‌ವಾಲ್ ಮತ್ತೆ ಹಾಕಿ, ಸರ್ವರಿಗೆ ಮಾತ್ರ ಅನುಮತಿ ಕೊಟ್ಟೆವು. ಡಿಎಂಝಡ್ ತೆಗೆದೆವು. ಆದರೂ ಮಗ ತನ್ನ ಲ್ಯಾಪ್‌ಟಾಪಿನಿಂದ ಹೊರವಿಳಾಸ ಹಾಕಿ ನೋಡಿ ‘ಬರ್ತಾ ಇಲ್ಲಮ್ಮ’ ಎಂದು ಅಳುಮುಖ ಮಾಡಿದ. ಎಷ್ಟೋ ರೌಟರುಗಳು ಮನೆಯೊಳಗಿನಿಂದ ಮನೆಯ ಹೊರವಿಳಾಸಕ್ಕೆ ಹೋಗಲು ಬಿಡುವುದಿಲ್ಲವಂತೆ. ಪರೀಕ್ಷೆಯನ್ನು ಹೊರಗಿನವರೇ ಮಾಡಬೇಕು. ಇಲ್ಲಿ ಬೆಳಿಗ್ಗೆ ಎಂಟು, ಮೈಸೂರಿನಲ್ಲಿ ಸಂಜೆ ಆರೂವರೆ. ಅಣ್ಣನ ಮಗಳು ಆಗಲೇ ಒಳಗೆ ಬಂದು ಕುರಿ ಅಟ್ಟಿಸಿಕೊಂಡು ಓಡಾಡುತ್ತಿದ್ದಳು.

(ಇನ್ನೊಂದು ಮಾತು. ರೌಟರ್ ತೋರಿಸುವ ಹೊರವಿಳಾಸಕ್ಕೂ, ಇಂಟರ್ನೆಟ್ಟಿನಲ್ಲಿ ಕಾಣುವ ನಿಮ್ಮ ವಿಳಾಸಕ್ಕೂ ತಾಳೆಯಾಗದಿದ್ದರೆ ನಡುವೆ ಇನ್ನೊಂದು ಗೇಟಿದೆ ಎಂದರ್ಥ. ಅದು ಮನೆಯ ಎರಡನೆಯ ರೌಟರ್ ಇರಬಹುದು, ಕಂಪನಿಯದೇ ಇರಬಹುದು. ಕಂಪನಿಯದಾದರೆ ಮಕ್ಕಳನ್ನು ಬೈದು ಫಲವಿಲ್ಲ.)

ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದ ದೋಷ ಬಯಲಾದಾಗ, ಆಟದ ಹರಟೆಯಲ್ಲಿ ಒಂದು ಸಾಲು ಬರೆದೇ ಮೈನ್‌ಕ್ರಾಫ್ಟ್ ಸರ್ವರನ್ನು ವಶಪಡಿಸಿಕೊಳ್ಳಲು ಸಾಧ್ಯವಿತ್ತು. ಅದನ್ನು ಸರಿಪಡಿಸಿ 1.18.1 ಆವೃತ್ತಿ ಬಂತು. ಆದ್ದರಿಂದಲೇ ಸರ್ವರನ್ನು ಹೊಸದಾಗಿಡಬೇಕು, ಬರುವವರ ಹೆಸರುಗಳನ್ನು ವೈಟ್‌ಲಿಸ್ಟಿನಲ್ಲಿ ಬರೆದಿಡಬೇಕು, ಆಟ ನಿಂತ ಮೇಲೆ ಪೋರ್ಟ್ ಮುಚ್ಚಬೇಕು. ತೆರಿಗೆಯ ಕಾಗದಗಳನ್ನು ನಾವು ಅಂದೇ ಆ ಕಂಪ್ಯೂಟರಿನಿಂದ ತೆಗೆದೆವು. ಅದು ಮಗನ ತಪ್ಪಲ್ಲ, ನಮ್ಮದು.

ಆಶ್‌ಬರ್ನ್‌ನ ಡೇಟಾ ಸೆಂಟರ್‌ಗಳು ನಮಗೆ ದೂರವೇನಲ್ಲ. ನಮ್ಮ ಪೋಷಕರಲ್ಲಿ ಕಂಪ್ಯೂಟರನ್ನೇ ನಂಬಿ ಅನ್ನ ತಿನ್ನುವವರು ಬೇಕಾದಷ್ಟು. ಆದರೂ ಮನೆಯ ರೌಟರಿನ ಪಾಸ್‌ವರ್ಡ್ ಏನೆಂದರೆ ಮುಖ ಮುಖ ನೋಡುತ್ತೇವೆ. ಮಕ್ಕಳಿಗೆ ಗೊತ್ತಿರುತ್ತದೆ. ‘ಬೇಡ’ ಎಂದರೆ ಅವರು ನಾವು ಮಲಗಿದ ಮೇಲೆ ಎಲ್ಲವನ್ನೂ ತೆರೆದಿಡುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ ಎಂದಷ್ಟೇ ನನ್ನ ವಿನಂತಿ.

ನಮ್ಮ ತೊಟ್ಟಿಮನೆಗೆ ಈಗ ಹೆಂಚು ಹೊದಿಸಿಯಾಗಿದೆ. ಬಾವಿ ಹಿತ್ತಲಿನಲ್ಲಿತ್ತೋ ಮುಂದಿತ್ತೋ ಎಂದು ಇಬ್ಬರಿಗೂ ಜಗಳ. ಅಜ್ಜನಿಗೆ ಫೋನ್ ಮಾಡಿದ್ದಾರೆ.